ಕೆಂಪು ಸಿಪ್ಪೆಗಳು

ಜೂನ್ ೨೬, ಬುಧವಾರ

ಅಜ್ಜಿಯ ಮುಖ ಕಣ್ಣೆದುರಿಂದ ಹೋಗುತ್ತಿಲ್ಲ. ನಮ್ಮ ಮರುಭೂಮಿಯಲ್ಲಿ ಸವಾರೋ ಕಳ್ಳಿಯ ಹಣ್ಣು ಬಿಡಿಸಿದ ಮೇಲೆ, ಸಿಪ್ಪೆಯ ಕೆಂಪು ಒಳಮೈ ಆಕಾಶಕ್ಕೆ ಕಾಣುವಂತೆ ಬುಡದಲ್ಲೇ ಇಡಬೇಕು. ಅದನ್ನು ನೋಡಿ ಮಳೆ ಬರುತ್ತದೆ. ಹಾಸ್ಟೆಲ್ ಅಭ್ಯಾಸ ನೋಡು, ಇವತ್ತು ಕಸವೆಂದು ಸಿಪ್ಪೆಗಳನ್ನೆಲ್ಲ ಚೀಲಕ್ಕೆ ತುಂಬಿಬಿಟ್ಟೆ.

"ಅವರು ಬಾಯಾರಿ ನಿಂತಿದಾರೆ, ನೀನು ಮಳೇನೇ ಮೂಟೆ ಕಟ್ಟಿಬಿಟ್ಯಲ್ಲೇ!" ಅಂದಳು ಅಜ್ಜಿ, ಕಳ್ಳಿಗಳತ್ತ ಕೈ ತೋರಿಸಿ. ನಮ್ಮವರಿಗೆ ಅವು ಗಿಡಗಳಲ್ಲ, ಮನುಷ್ಯರೇ.

"ಕಾಲೇಜು ಹುಡುಗಿ, ಮರುಭೂಮಿ ಕ್ಲೀನ್ ಮಾಡಿದಾಳೆ ಬಿಡಮ್ಮ," ಎಂದು ಚಿಕ್ಕಮ್ಮ ಲೊರೇನಾ ಚುಚ್ಚಿದಳು.

ನಾಲ್ಕಾಳೆತ್ತರದ ಆ ಕಳ್ಳಿಗಳ ಮೈ ನೆರಿಗೆ ನೆರಿಗೆಯಾಗಿ ಒಳಸರಿದಿದೆ. ನೀರು ಸಿಕ್ಕರಷ್ಟೇ ನೆರಿಗೆ ಬಿಚ್ಚುವುದು. ಟೆಸ್ಟ್‌ನಲ್ಲಿ ಇದನ್ನೇ ಬರೆದು ಫುಲ್ ಮಾರ್ಕ್ಸ್ ತಗೊಂಡವಳು ನಾನು!

ಮತ್ತೆ ತಪ್ಪು ಮಾಡಿಬಿಟ್ಟರೆ ಎಂದು ಭಯ ಆಗುತ್ತಿದೆ, ಆಗಲಿ. ನಾಳೆ ಎಲ್ಲರಿಗಿಂತ ಮೊದಲೆದ್ದು ಹೋಗಿ ಎಲ್ಲ ಸಿಪ್ಪೆಗಳನ್ನೂ ಮರಳಿ ಇಡುತ್ತೇನೆ. ಯಾವ ಸಿಪ್ಪೆ ಯಾವ ಕಳ್ಳಿಯದೆಂದು ಗೊತ್ತಿಲ್ಲ. ಅವರನ್ನೇ ಕೇಳುತ್ತೇನೆ.