ಕ್ರಾಸ್ ಕಟ್ ರೆಕ್ಕೆ

ಮುಸಫ್ಫಾ, ಅಬುಧಾಬಿ
16 ಫೆಬ್ರವರಿ 2025, ಭಾನುವಾರ

ಪ್ರೀತಿಯ ಅಪ್ಪಾ,

ಮೊಣಕಾಲು ನೋವು ಹೇಗಿದೆ? ಕಣ್ಣಿನ ಆಪರೇಷನ್ ಆದ ಮೇಲೆ ಸೂಜಿಗೆ ನೂಲು ನೀವೇ ಪೋಣಿಸುತ್ತಿದ್ದೀರೆಂದು ಅಮ್ಮ ಹೇಳಿದಳು. ಖುಷಿಯಾಯಿತು. ಫೋನಿನಲ್ಲಾದರೆ ಅರ್ಧ ಕೇಳಿ "ಆಯ್ತು, ಇಡ್ತೇನೆ" ಎನ್ನುತ್ತೀರಿ. ಅದಕ್ಕೇ ಇದನ್ನು ಬರೆದು, ಇವತ್ತು ಮಂಗಳೂರಿಗೆ ಹೊರಟಿರುವ ನನ್ನ ರೂಮಿನ ಸುಮಿತ್ರಾಳ ಕೈಯಲ್ಲಿ ಕೊಡುತ್ತಿದ್ದೇನೆ.

ಎಂಟು ವರ್ಷದಿಂದ ಕಾರು, ಬೋಟುಗಳ ಸೀಟಿಗೆ ಕವರು ಹೊಲಿಯುತ್ತಿದ್ದ ನಿಮ್ಮ ಮಗಳು ಈ ಸಲ ವಿಮಾನಕ್ಕೆ ಬಟ್ಟೆ ಹೊಲಿದಿದ್ದಾಳೆ. ನಗಬೇಡಿ. ದುಬೈಯ ಒಂದು ಪ್ರದರ್ಶನಕ್ಕೆ, ಇಂಗ್ಲೆಂಡಿನ ಬಹಳ ಹಳೆಯ ವಿಮಾನವೊಂದರ ರೆಕ್ಕೆಯನ್ನು ಇದ್ದ ಹಾಗೇ ಮಾಡಿಕೊಡಬೇಕಿತ್ತು. ಅದನ್ನು ಕಟ್ಟಿದವರು ಶಾರ್ಟ್ ಎಂಬ ಮನೆತನದ ಮೂವರು ಅಣ್ಣತಮ್ಮಂದಿರು. ಮೊದಲು ರೈಲು ಸೇತುವೆಯ ಕಮಾನಿನಡಿ ಬಲೂನು ಮಾಡುತ್ತಿದ್ದರಂತೆ. ಅಂದರೆ ಬಟ್ಟೆ ಹೊಲಿಯುವ ನಮ್ಮವರೇ. 1909ರಲ್ಲಿ ಅಮೆರಿಕದ ರೈಟ್ ಸಹೋದರರ ಮಾದರಿಯ ಆರು ವಿಮಾನ ಕಟ್ಟುವ ಕೆಲಸ ಅವರಿಗೆ ಸಿಕ್ಕಿತು. ಮೂವತ್ತು ವರ್ಷದೊಳಗೆ ಅವರ ಕಂಪನಿಯ, ನೀರಿನ ಮೇಲೆ ಇಳಿಯುವ ದೊಡ್ಡ ವಿಮಾನಗಳು ಇಲ್ಲಿ ದುಬೈ ಕ್ರೀಕಿಗೇ ಬಂದಿಳಿದವು.

ಕೇರಳದ ಬಡಗಿ ಥಾಮಸ್ ಮರದ ಚೌಕಟ್ಟು ಮಾಡಿದ. ನಾನು ಕೋರಾ ಬಟ್ಟೆ ಹೊಲಿದು ಹೊದಿಸಿದೆ. ಆ ವಿಮಾನ ಗಾಳಿಯಲ್ಲಿ ಪಕ್ಕಕ್ಕೆ ವಾಲುವುದೇ ರೆಕ್ಕೆಯ ತುದಿ ತಿರುಚಿ. ತಿರುಚಿ ನೋಡಿದರೆ ಬಟ್ಟೆಯೆಲ್ಲ ಸುಕ್ಕು. ನಮ್ಮ ವರ್ಕ್‌ಶಾಪಿನ ಯಜಮಾನ, ಸುರತ್ಕಲ್ಲಿನ ರೋಷನ್, "ಮೇಲೆ ನೇತು ಹಾಕುದಲ್ವ ಅಕ್ಕ, ಯಾರು ನೋಡ್ತಾರೆ? ಖಲಾಸ್, ಬಿಡಿ" ಎಂದ. "ನಾನು ನೋಡ್ತೇನಲ್ಲ" ಎಂದೆ. ಎರಡು ದಿನ ಊಟ ರುಚಿಸಲಿಲ್ಲ. ಹಳೆಯ ನಕ್ಷೆಯ ಪ್ರತಿಯಲ್ಲಿ ರೆಕ್ಕೆಯ ತುಂಬ ಓರೆ ಗೆರೆಗಳಿದ್ದವು. ಚಂದಕ್ಕೆ ಎಳೆದದ್ದೆಂದು ಎಲ್ಲರೂ ಬಿಟ್ಟಿದ್ದೆವು. ಮೂರನೇ ದಿನ ಅದನ್ನೇ ನೋಡುತ್ತಿದ್ದಾಗ ನಿಮ್ಮ ಕ್ರಾಸ್ ಕಟ್ ರವಿಕೆ ನೆನಪಾಯಿತು. ಅಂಗಡಿಯಲ್ಲಿ ಗುಂಡಿ ಹಾಕುತ್ತಾ ಕದ್ದು ನೋಡುತ್ತಿದ್ದೆನಲ್ಲ: ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಮೈ ತಿರುಗಿದ ಹಾಗೆ ತಾನೂ ತಿರುಗುತ್ತದೆ. ನಕ್ಷೆಯ ಆ ಗೆರೆಗಳು ಬಟ್ಟೆಯ ಎಳೆ ಓಡಬೇಕಾದ ದಿಕ್ಕು.

ಪ್ರದರ್ಶನಕ್ಕೆ ಹದಿನೆಂಟು ದಿನವಿತ್ತು. ಎಲ್ಲ ಬಿಚ್ಚಿ ಓರೆಯಲ್ಲಿ ಮತ್ತೆ ಹೊಲಿಯಬೇಕೆಂದಾಗ ರೋಷನ್ ತಲೆ ಹಿಡಿದು ಕೂತ. ಒಂದು ತುಂಡಿಗೆ ಮಾತ್ರ ಕ್ರಾಸಿನಲ್ಲಿ ಹೊಲಿದು ತೋರಿಸುತ್ತೇನೆ, ಸರಿ ಬರದಿದ್ದರೆ ಮತ್ತೆ ಬಾಯಿ ತೆರೆಯುವುದಿಲ್ಲ ಎಂದೆ. ಥಾಮಸ್ ಆ ತುಂಡನ್ನು ಎರಡೂ ಕಡೆ ತಿರುಚಿದ. ಒಂದು ಸುಕ್ಕೂ ಬೀಳಲಿಲ್ಲ. ಅವನು ಬ್ಲೇಡು ತೆಗೆದುಕೊಂಡು ಹಳೆಯ ಹೊಲಿಗೆ ಬಿಚ್ಚತೊಡಗಿದ.

ಮೊನ್ನೆ ಗುರುವಾರ ರೆಕ್ಕೆ ಏರಿಸುವ ಮುಂಚೆ, ಪ್ರದರ್ಶನದವರ ಪರವಾಗಿ ಬಂದ ವಯಸ್ಸಾದ ಇಂಗ್ಲಿಷ್ ಇಂಜಿನಿಯರ್ ಅದರ ಮೇಲೆ ಕೈಯಾಡಿಸಿ, ಕಟ್ಟಿಂಗ್ ಮಾಡಿದವರು ಯಾರೆಂದು ಕೇಳಿದರು. ರೋಷನ್ ನನ್ನನ್ನು ಮುಂದೆ ತಳ್ಳಿದ. ನನಗೆ ಇಂಗ್ಲಿಷೇ ಹೊಳೆಯಲಿಲ್ಲ. "ಮೈ ಫಾದರ್ ಟೈಲರ್" ಎಂದುಬಿಟ್ಟೆ. ಅವರು ನನ್ನ ಕೈ ಕುಲುಕಿ, ನಿಮಗೂ ವಂದನೆ ತಿಳಿಸಲು ಹೇಳಿದರು. ತಿಳಿಸಿದ್ದೇನೆ.

ಖರ್ಜೂರ ಕಳಿಸಿದ್ದೇನೆ, ಶುಗರ್ ಮರೆತು ಎಲ್ಲ ನೀವೇ ತಿನ್ನಬೇಡಿ. ಅಮ್ಮನನ್ನೂ ತಮ್ಮನನ್ನೂ ಕೇಳಿದೆನೆಂದು ಹೇಳಿ.

ನಿಮ್ಮ ಕಾಲು ಮುಟ್ಟುವ ಮಗಳು,
ಹರಿಣಾಕ್ಷಿ

ತಾ.ಕ.: ಸುಮಿತ್ರಾಳ ಟ್ಯಾಕ್ಸಿ ಕೆಳಗೆ ಬಂದಿದೆ. ತಮ್ಮ ರಂಜಿತ್ ಅಂಗಡಿಗೆ ಬರುವುದಿಲ್ಲ ಎಂದನಂತೆ, ನೀವು ಏಪ್ರಿಲಿಗೆ ಬೀಗ ಹಾಕುತ್ತೀರಂತೆ. ಹಾಕಬೇಡಿ. ನನ್ನ ವೀಸಾ ಮೇಯಲ್ಲಿ ಮುಗಿಯುತ್ತದೆ, ಮತ್ತೆ ಮಾಡಿಸುವುದು ಬೇಡವೆಂದು ರೋಷನ್‌ಗೆ ಹೇಳಿಯಾಗಿದೆ. ಹದಿನೇಳು ವರ್ಷದವಳಿದ್ದಾಗ ಕಲಿಸಿ ಎಂದು ಕೇಳಿದ್ದಕ್ಕೆ "ಹೆಣ್ಣುಮಕ್ಕಳಿಗೆ ಕಟ್ಟಿಂಗ್ ಎಲ್ಲ ಯಾಕೆ" ಎಂದಿರಿ. ಈಗ ಇನ್ನೊಮ್ಮೆ ಕೇಳುತ್ತಿದ್ದೇನೆ. ಕತ್ತರಿ ನನಗೆ ಕೊಡಿ. ನೀವು ಪಕ್ಕದಲ್ಲಿ ಕುರ್ಚಿ ಹಾಕಿ ಕೂತು, ತಪ್ಪಿದಲ್ಲೆಲ್ಲ ಬೈಯಿರಿ.