ನಾದಿನಿಯ ಮನೆ ವಿಳಾಸ

ಕ್ಯಾನ್ಸರ್ ನೋಂದಣಿ ಅಧಿಕಾರಿಗಳಿಗೆ, ಹಳ್ಳಿಯ ನರ್ಸ್ ಮಾಡುವ ನಮಸ್ಕಾರ.

ಶ್ವಾಸಕೋಶದ ಕ್ಯಾನ್ಸರ್ ಪೇಟೆಯಲ್ಲೇ ಹೆಚ್ಚು, ನಮ್ಮ ಹಳ್ಳಿಯಲ್ಲಿ ಸೊನ್ನೆ ಎಂದು ನಿಮ್ಮ ವರದಿ ಹೇಳುತ್ತದೆ. ತಪ್ಪು ನನ್ನದು. ದೊಡ್ಡಾಸ್ಪತ್ರೆಯಲ್ಲಿ ಪೇಟೆಯವರಿಗೆ ಬೇಗ ಹಾಸಿಗೆ ಸಿಗುತ್ತದೆಂದು ನನ್ನ ಗಂಡನಿಗೆ ಪೇಟೆಯಲ್ಲಿರುವ ನಾದಿನಿಯ ಮನೆ ವಿಳಾಸ ಬರೆಸಿದೆ. ಆಮೇಲೆ ಜಲ್ಲಿ ಕ್ರಷರ್‌ನಲ್ಲಿ ದುಡಿದು ಕೆಮ್ಮುತ್ತ ಬಂದ ಏಳು ಜನರಿಗೂ ಪೇಟೆಯ ನೆಂಟರ ವಿಳಾಸವನ್ನೇ ಕೊಡಲು ಹೇಳಿದೆ. ಎಂಟೂ ಜನರನ್ನು ಮಣ್ಣು ಮಾಡಿದ್ದು ಇಲ್ಲಿ, ಲೆಕ್ಕ ಸೇರಿದ್ದು ಅಲ್ಲಿ.

"ಹೋದವರು ಯಾವೂರಿನವರಾದ್ರೇನು, ಸುಮ್ನಿರಿ ಅತ್ತಿಗೆ" ಎನ್ನುತ್ತಾಳೆ ನಾದಿನಿ. ಆದರೆ ಸೊನ್ನೆ ಇರುವ ಊರಿಗೆ ತಪಾಸಣೆಯ ಗಾಡಿ ಬರುವುದಿಲ್ಲವಂತೆ.

ಎಂಟು ಜನರ ನಿಜವಾದ ವಿಳಾಸ ಲಗತ್ತಿಸಿದ್ದೇನೆ, ತಿದ್ದಿಕೊಳ್ಳಿ. ಒಂಬತ್ತನೆಯವಳು ನಾನು. ಸೋಮವಾರ ಆಸ್ಪತ್ರೆಗೆ ಬರುತ್ತೇನೆ. ಹಾಸಿಗೆ ತಡವಾದರೆ ಆಗಲಿ, ನನ್ನೂರಿನ ವಿಳಾಸವನ್ನೇ ಬರೆಸುತ್ತೇನೆ.

ಇಂತಿ,
ಕ್ರಷರ್ ಪಕ್ಕದೂರಿನ ನರ್ಸಮ್ಮ