ತೀರ್ಥಹಳ್ಳಿ ಬಸ್ಸಿನ ಕಥೆ

ದೊಡ್ಡಪ್ಪಾ,

ಕ್ಷೇಮ ಸಮಾಚಾರ ಬರೆಯುವ ಮನಸ್ಸಿಲ್ಲ. ನಿಮ್ಮ ಮೇಲೆ ಸಿಟ್ಟು ಬಂದಿದೆ, ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ನೀವು ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬ ಮಾಡಲಿಲ್ಲ. ಈ ಕಾರ್ತಿಕಕ್ಕೆ ಹೊಸನಗರದ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ತುಳಸಿ ಪೂಜೆ ಮುಗಿಸಿ, ಅವಲಕ್ಕಿ ತಿಂದು, ಚಳಿಗೆ ಕಂಬಳಿ ಹೊದ್ದು ಕೂತಾಗ ನನ್ನ ಮಗಳು ಕೇಳಿದಳು: "ಅಜ್ಜಿ ಬಸ್ ತಪ್ಪಿ ಹತ್ತಿದ ಕಥೆ ಈಗ ಯಾರು ಹೇಳ್ತಾರೆ?"

ಪ್ರತಿ ಹಬ್ಬಕ್ಕೂ ನೀವು ಹೇಳುತ್ತಿದ್ದಿರಲ್ಲ. ಹೊಸ ಸೊಸೆಯಾಗಿದ್ದ ಅಮ್ಮ ಸಾಗರದ ತವರಿಗೆಂದು ಹೊರಟವಳು ಮಂಜಿನಲ್ಲಿ ಬೋರ್ಡ್ ಕಾಣದೆ ತೀರ್ಥಹಳ್ಳಿ ಬಸ್ ಹತ್ತಿದ್ದು, ನೀವು ಜೀಪಿನಲ್ಲಿ ಬೆನ್ನಟ್ಟಿ ಕರೆತಂದದ್ದು. ಅಮ್ಮ ಕಣ್ಣು ಕಿರಿದು ಮಾಡಿ ಬಸ್ಸು ಹುಡುಕಿದ್ದನ್ನು ನೀವು ಮಾಡಿ ತೋರಿಸಿದರೆ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ನಾಚಿಕೆ ಅಂದುಕೊಂಡಿದ್ದೆ. ನೀವೂ ಹಾಗೇ ಅಂದುಕೊಂಡಿದ್ದಿರೋ, ಅಥವಾ...

ಈ ಸಲ ಅಮ್ಮ ಏಳಲಿಲ್ಲ. "ನಾನೇ ಹೇಳ್ತೀನಿ, ಕೂತ್ಕ," ಅಂದಳು ಮೊಮ್ಮಗಳಿಗೆ. "ಅವತ್ತು ಮಂಜಿರ್ಲಿಲ್ಲ. ಬೋರ್ಡ್ ಓದ್ಕಂಡೇ ಹತ್ತಿದ್ದೆ. ತೀರ್ಥಹಳ್ಳಿ ಶಾಲೇಲಿ ಟೀಚರ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ಕೇಳಿದ್ರೆ ಕಳಿಸ್ತಿರ್ಲಿಲ್ಲ, ಅದ್ಕೆ ಸಾಗರಕ್ಕೆ ಅಂತ ಹೇಳಿ ಹೊರಟಿದ್ದೆ. ನಿಮ್ ದೊಡ್ಡಜ್ಜ ಇಂಟರ್‌ವ್ಯೂ ವಿಷ್ಯ ಹೆಂಗೋ ತಿಳ್ಕಂಡು, ದಾರೀಲಿ ಬಸ್ ನಿಲ್ಸಿ, 'ನಮ್ಮನೆ ಸೊಸೆ, ಮಂಜಲ್ಲಿ ಬಸ್ ತಪ್ಪಿ ಹತ್ತಿದಾಳೆ' ಅಂತ ಎಲ್ಲರೆದುರು ಇಳಿಸ್ಕಂಡು ಬಂದ್ರು."

ಯಾರೂ ನಗಲಿಲ್ಲ. ಅಪ್ಪ ಎಲೆಯಡಿಕೆ ಕವಳದ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರಿಗೂ ಗೊತ್ತಿತ್ತು.

ತಡೆದಿರಿ, ಅದು ಆ ಕಾಲದ ಬುದ್ಧಿ ಅನ್ನೋಣ. ಆದರೆ ಅವಳನ್ನು ಪೆದ್ದಿ ಮಾಡಿ, ವರ್ಷ ವರ್ಷವೂ ಅವಳ ಮಕ್ಕಳೇ ಅವಳನ್ನು ನೋಡಿ ನಗುವಂತೆ ಮಾಡಿದ್ದು ಯಾಕೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಿಮ್ಮಷ್ಟು ಚೆನ್ನಾಗಿ ಕಥೆ ಹೇಳುವವರನ್ನು ನಾನು ಕಂಡಿಲ್ಲ, ಸಿಟ್ಟು ಅದಕ್ಕೇ ಹೆಚ್ಚು. ಕೆಟ್ಟದಾಗಿ ಹೇಳಿದ್ದರೆ ನಮ್ಮಲ್ಲಿ ಒಬ್ಬರಾದರೂ ನಂಬದೆ ಉಳಿಯುತ್ತಿದ್ದರು.

ಮಾರನೇ ಬೆಳಿಗ್ಗೆ ಅಂಗಳದ ತುಳಸಿಕಟ್ಟೆಯೂ ಕಾಣದಷ್ಟು ಮಂಜು. ಅಮ್ಮ ಹಬ್ಬದ ಸೀರೆ ಉಟ್ಟು ನಿಂತಿದ್ದಳು. "ಆ ಶಾಲೆ ಒಂದ್ಸಲ ನೋಡ್ಬೇಕು. ಬರ್ತೀಯಾ?"

ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡ್ ನನಗೆ ನಿಜಕ್ಕೂ ಕಾಣಲಿಲ್ಲ. ಅಮ್ಮ ಕಂಡಕ್ಟರನ್ನು ಕೇಳಿ, ಮೊದಲು ಹತ್ತಿ, ಕಿಟಕಿ ಪಕ್ಕ ಕೂತಳು. ಹಿಂದಿನಿಂದ ಜೀಪಿನ ಸದ್ದು ಕೇಳಿದಾಗಲೆಲ್ಲ ತಿರುಗಿ ನೋಡುತ್ತಿದ್ದಳು. ತೀರ್ಥಹಳ್ಳಿ ಮುಟ್ಟುವವರೆಗೆ ಯಾರೂ ಬಸ್ಸಿಗೆ ಅಡ್ಡ ಬರಲಿಲ್ಲ, ದೊಡ್ಡಪ್ಪಾ.